ಪರದೆಯ ಮೇಲೆ ಸತ್ತ ಭಾವನನ್ನು ಹುಡುಕಿಕೊಂಡು

ಚಿತ್ತಾಪುರ

ಮುಂಬಯಿಗೆ ಹೋಗಿಬಂದದ್ದನ್ನು ಪರದೇಶ ಪ್ರವಾಸ ಎಂದು ಬರೆದರೆ ಧಾರವಾಡ, ಬೆಳಗಾವಿ ಕಡೆಯ ಓದುಗರು ನಗಬಹುದು. ಅವರಿಗೆ ಅದು ತಮ್ಮದೇ ಪ್ರಾಂತದ ದೊಡ್ಡ ಊರು. ನಿಜಾಮರ ರಾಜ್ಯದ ಚಿತ್ತಾಪುರದಲ್ಲಿ ಹುಟ್ಟಿ, ಅಲ್ಲಿಯ ಕೋರ್ಟಿನಲ್ಲಿ ಉರ್ದುವಿನಲ್ಲಿ ವಾದ ಮಾಡಿ, ಮನೆಗೆ ಬಂದು ಕನ್ನಡದಲ್ಲಿ ಸಿಡುಕುವ ನನ್ನಂಥ ವಕೀಲನಿಗೆ ಅದು ಪರದೇಶವೇ. ನಮ್ಮ ನಾಣ್ಯ ಅಲ್ಲಿ ನಡೆಯುವುದಿಲ್ಲ. ನಮ್ಮ ಅಂಚೆಚೀಟಿ ನಡೆಯುವುದಿಲ್ಲ. ನಮ್ಮ ಕಚೇರಿಯ ಫಸಲಿ ತಿಂಗಳುಗಳ ಹೆಸರು ಹೇಳಿದರೆ ಅದು ಯಾವ ರೋಗದ ಔಷಧಿ ಎಂದು ಕೇಳುತ್ತಾರೆ. ನಮ್ಮ ಮಾತೂ ನಡೆಯುವುದಿಲ್ಲ ಎಂಬುದನ್ನು ನಾನು ಅಲ್ಲಿಗೆ ಹೋಗಿ ಕಲಿತೆ. ಹಾಗೆ ಕಲಿಯದೆ ಇದ್ದಿದ್ದರೆ ಇದನ್ನು ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ.

ಊರು ನೋಡುವ ಹುಚ್ಚು ನನಗೆ ಎಂದೂ ಇಲ್ಲ. ನನ್ನನ್ನು ಕಳಿಸಿದವಳು ಅಕ್ಕ ನೀಲಮ್ಮ. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳು; ದಂಡೋತಿಯಲ್ಲಿ ಅವಳ ಗಂಡನ ಮನೆಯಲ್ಲಿ ಉಂಡೇ ನಾನು ಓದಿದೆ. ಅವಳ ಗಂಡ, ನಮ್ಮ ಭಾವ ಚನ್ನಬಸಪ್ಪ, ಕಾಗಿಣಾ ನದಿಯ ದಂಡೆಗೆ ಒಳ್ಳೆಯ ಹೊಲವಿದ್ದರೂ ಮನಸ್ಸನ್ನು ಬಯಲಾಟದಲ್ಲಿ ಇಟ್ಟವರು. ಎತ್ತರದ ಆಳು, ಅಗಲವಾದ ಎದೆ. ಸಾಯುವ ಪಾತ್ರ ಬಂತೆಂದರೆ ಅವರೇ ಬೇಕು. ಬಾಣ ತಗಲಿದಾಗ ಉಳಿದವರು ಹತ್ತಿಯ ಚೀಲದಂತೆ ದೊಪ್ಪೆಂದು ಬೀಳುತ್ತಿದ್ದರು. ಭಾವ ಮಾತ್ರ ಮೊದಲು ಒಂದು ಮಂಡಿ ಊರಿ, ಆಮೇಲೆ ಕೈ ಊರಿ, ಸುತ್ತ ಕುಳಿತ ಮಂದಿಯನ್ನೆಲ್ಲ ಒಮ್ಮೆ ನೋಡಿ, ಹೋಗಲು ಮನಸ್ಸಿಲ್ಲದವರ ಹಾಗೆ ತಲೆಯಿಡುತ್ತಿದ್ದರು. ಹೆಂಗಸರು ಕಣ್ಣಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು.

ಮುಂಬಯಿಯಲ್ಲಿ ಸಿನೇಮಾದವರಿಗೆ ಎತ್ತರದ ಆಳುಗಳು ಬೇಕಂತೆ ಎಂದು ಯಾರೋ ಹೇಳಿದರು. ಭಾವ ಹೋದರು. ಮೊದಲು ಬಂದುಹೋಗುವವರ ಬಾಯಲ್ಲಿ ಸುದ್ದಿ ಬರುತ್ತಿತ್ತು, ಬರಬರುತ್ತ ಅದೂ ನಿಂತಿತು. ವರ್ಷಗಳು ಕಳೆದವು. ಹೀಗಿರುವಾಗ ಶಹಾಬಾದದಲ್ಲಿ ತಂಬು ಹಾಕಿಕೊಂಡು ಸಿನೇಮಾ ತೋರಿಸುವವರು ಬಂದರು. ನಾನು ಅಕ್ಕನನ್ನು ಕರೆದುಕೊಂಡು ಹೋದೆ. ಒಬ್ಬ ಸುಲ್ತಾನನ ಕತೆ. ಅರಮನೆಯ ದೊಡ್ಡ ದೊಡ್ಡ ಕಂಬಗಳ ಮುಂದೆ, ಅಗಲವಾದ ಮೆಟ್ಟಿಲುಗಳ ಮೇಲೆ ಸಿಪಾಯಿಗಳ ಕಡಿದಾಟ. ಒಬ್ಬ ಎತ್ತರದ ಸಿಪಾಯಿ ಎದೆ ಹಿಡಿದುಕೊಂಡ. ಮೊದಲು ಮಂಡಿ, ಆಮೇಲೆ ಕೈ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಅಕ್ಕ ಎದ್ದು ನಿಂತು, "ನಮ್ಮವ್ರು! ನಮ್ಮವ್ರವ್ವಾ ಅವ್ರು!" ಎಂದು ಕೂಗಿದಳು. ತಂಬಿನ ತುಂಬ ನಗೆ. ಪರದೆಯ ಮೇಲೆ ಭಾವ ಬಿದ್ದಿದ್ದರು. ಸುಲ್ತಾನ ಅವರನ್ನು ದಾಟಿ ಹೋದ, ಅವನ ಹಿಂದೆ ರಾಣಿ ಹೋದಳು, ಕತೆ ಮುಂದೆ ಹೋಯಿತು.

ಊರಿಗೆ ಬಂದ ಮೇಲೂ ಅಕ್ಕನದು ಒಂದೇ ಹಟ.

"ತಮ್ಮಾ, ನಮ್ಮ ಆಟದಾಗ ಎಷ್ಟ ಮಂದಿ ಸತ್ರೂ ಮಂಗಳಾರತಿಗಿ ಎದ್ದು ಬಂದು ಕೈಮುಗಿತಾರ. ಅವ್ರು ಏಳಲೇ ಇಲ್ಲಲ್ಲೋ."

"ಅಕ್ಕಾ, ಅದು ಸಿನೇಮಾ. ಅಲ್ಲಿ ಮಂಗಳಾರತಿ ಇರಂಗಿಲ್ಲ."

"ಮಂಗಳಾರತಿ ಇಲ್ದ ಆಟ ಹ್ಯಾಂಗ ಮುಗೀತದ? ಅವ್ರು ಎದ್ರೋ ಇಲ್ಲೋ ನಮಗ ಹ್ಯಾಂಗ ತಿಳೀಬೇಕು?"

ದಂಡೋತಿಯಲ್ಲಿ ಇದು ಬರೀ ಹಟವಾಗಿಯೂ ಉಳಿಯಲಿಲ್ಲ. ಸಿನೇಮಾ ನೋಡಿ ಬಂದ ಇನ್ನೂ ಕೆಲವರು ಕಂಡದ್ದನ್ನು ಹೇಳಿಕೊಂಡು ತಿರುಗಿದ್ದರು. ಸಿನೇಮಾ ಸುಳ್ಳೆಂದು ಗೊತ್ತಿದ್ದವರೂ ಇಷ್ಟು ವರ್ಷ ಸುದ್ದಿಯಿಲ್ಲದವನು ಇದ್ದಾನೆಂದು ನಂಬುವುದು ಹೇಗೆ ಎಂದರು. ಮದುವೆ, ಸೀಮಂತದ ಮನೆಗಳಲ್ಲಿ ಅಕ್ಕನನ್ನು ಮುತ್ತೈದೆಯರ ಸಾಲಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸತೊಡಗಿದರು. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ಕುಂಕುಮದ ಬಟ್ಟಲು ಮಾತ್ರ ಅವಳ ತನಕ ಬರುವ ಮೊದಲೇ ತಿರುಗಿಹೋಗುತ್ತಿತ್ತು.

"ಅದಾರೋ ಇಲ್ಲೋ ಒಂದು ನೋಡಿ ಬಾ. ಇದ್ರ ಕರಕೊಂಡು ಬಾ," ಎಂದಳು ಅಕ್ಕ. ಕೋರ್ಟಿಗೆ ರಜೆ ಬಿದ್ದ ಮೇಲೆ ಹೊರಟೆ.

ವಾಡಿ

ಚಿತ್ತಾಪುರದಿಂದ ವಾಡಿಯ ತನಕ ನಮ್ಮ ನಿಜಾಮರ ರೈಲು. ಅದು ನಮ್ಮ ಹಾಗೆಯೇ: ನೀರು ಕುಡಿಯುತ್ತದೆ, ನಿಲ್ಲುತ್ತದೆ, ಪರಿಚಯದವರು ಓಡಿಬರುತ್ತಿದ್ದರೆ ಕಾಯುತ್ತದೆ. ವಾಡಿಯಲ್ಲಿ ಇಳಿದು ಇಂಗ್ರೇಜಿಯವರ ಮೇಲ್ ಗಾಡಿ ಹತ್ತಬೇಕು. ಅದು ಯಾರಪ್ಪನಿಗೂ ಕಾಯುವುದಿಲ್ಲ.

ಎರಡರ ನಡುವೆ ಕರೋಡಗಿರಿಯವರು ಇದ್ದಾರೆ. ಗಡಿ ದಾಟುವ ಸಾಮಾನಿಗೆ ಸುಂಕ ಹಾಕುವುದು ಅವರ ಕೆಲಸ. ನನ್ನ ಗಂಟನ್ನು ಬಿಚ್ಚಿದ ಸಿಪಾಯಿ ಅಕ್ಕ ಕಟ್ಟಿಕೊಟ್ಟ ಕಟಕ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಇದ್ರಾಗೇನು ಬಚ್ಚಿಟ್ಟೀರಿ?"

"ಜ್ವಾಳದ ಹಿಟ್ಟು ಬಚ್ಚಿಟ್ಟೀನಪಾ."

ಅವನಿಗೆ ನಗೆ ಬರಲಿಲ್ಲ. ಶೇಂಗಾ ಹಿಂಡಿಯ ಗಡಿಗೆಯಲ್ಲಿ ಬೆರಳಾಡಿಸಿ, ಆ ಬೆರಳನ್ನು ನೆಕ್ಕಿ, ಸರಕಾರಕ್ಕೆ ಮೋಸವಾಗಿಲ್ಲವೆಂದು ಖಾತ್ರಿ ಮಾಡಿಕೊಂಡ. ಈ ತಪಾಸಣೆ ಮುಗಿಯುವುದರೊಳಗೆ ಮೇಲ್ ಗಾಡಿ ಬಂದು ನಿಂತಿತ್ತು. ಶೇರವಾನಿಯ ಗುಂಡಿ ಹಾಕಿಕೊಳ್ಳುತ್ತ ಓಡಿದವನು ಹೆಂಗಸರ ಡಬ್ಬಿಯನ್ನೇ ಹತ್ತಿದೆ. ಅಲ್ಲಿದ್ದವರೆಲ್ಲ ಒಮ್ಮೆಲೆ ಕೂಗಿದ ಕೂಗಿಗೆ ಮತ್ತೆ ಕೆಳಗಿಳಿದು, ಚಲಿಸುವ ಗಾಡಿಯ ಇನ್ನೊಂದು ಬಾಗಿಲಿಗೆ ಜೋತುಬಿದ್ದೆ. ಒಳಗೆ ಎಳೆದುಕೊಂಡ ಮರಾಠಿ ಮುದುಕ ನನ್ನ ಶೇರವಾನಿ ನೋಡಿ, ನವಾಬರು ಹೀಗೇ ಪ್ರಯಾಣ ಮಾಡುತ್ತಾರೇನು ಎಂದು ಕೇಳಿದ. ದಾರಿಯುದ್ದಕ್ಕೂ ನನ್ನ ರೊಟ್ಟಿ ತಿಂದ. ಗಟ್ಟಿಯಾಗಿವೆ ಎಂದು ದೂರುತ್ತಲೇ ತಿಂದ.

ಸೊಲ್ಲಾಪುರ ದಾಟುವ ತನಕ ನೆಲ ನಮ್ಮ ನೆಲದ ಹಾಗೆ ಕಪ್ಪಗೆ ಇತ್ತು. ಕೊನೆಗೆ ಘಾಟು ಬಂತು, ಸುರಂಗಗಳು ಬಂದವು. ಕತ್ತಲೆಯೊಳಗೆ ನುಗ್ಗಿದಾಗಲೆಲ್ಲ ಆ ಮುದುಕ ನನ್ನ ಕೈ ಹಿಡಿದುಕೊಳ್ಳುತ್ತಿದ್ದ. ಹೆದರಿದವನು ಅವನೋ ನಾನೋ ಹೇಳಲಾರೆ.

ಮುಂಬಯಿ

ಇಳಿದುಕೊಂಡದ್ದು ಸಿದ್ರಾಮಪ್ಪನವರ ಹತ್ತಿರ. ಅವರು ಶಹಾಬಾದದವರು, ನಮ್ಮ ಕಡೆಯ ಹಾಸುಗಲ್ಲನ್ನು ಮುಂಬಯಿಗೆ ತರಿಸಿ ಮಾರುತ್ತ ಬಹಳ ವರ್ಷಗಳಿಂದ ಅಲ್ಲೇ ನೆಲೆಯಾದವರು. ಕಲ್ಲಿನ ವಖಾರಿಯ ಹಿಂದೆ ಎರಡು ಕೋಣೆ. ವಖಾರಿಯಲ್ಲಿ ಒಟ್ಟಿದ ನೀಲಿ ಬೂದು ಕಲ್ಲುಗಳನ್ನು ಕಂಡಾಗ ಊರಿನವರೇ ಸಾಲಾಗಿ ನಿಂತ ಹಾಗೆ ಸಮಾಧಾನವಾಯಿತು.

"ಶರಣ್ರಿ ವಕೀಲ್ ಸಾಬ್ರ, ಬರ್ರಿ, ಕುಂದ್ರಿ. ಇಲ್ಲಿ ಯಾರ ಮನಿಗಿ ಹೋದ್ರೂ ನಮ್ಮೂರ ಮ್ಯಾಲೇ ಕಾಲಿಡತೀರಿ, ಚಿಂತಿ ಮಾಡಬ್ಯಾಡ್ರಿ," ಎಂದರು.

ಮುಂಬಯಿಯ ಮಂದಿಯ ರೀತಿ ನನಗೆ ಹಿಡಿಸಲಿಲ್ಲ. ನಮ್ಮಲ್ಲಿ ಹೊಸಬ ಕಂಡರೆ ಯಾವ ಊರು, ಯಾರ ಮಗ, ಯಾವ ಮಠದವರು ಎಂದು ಕೇಳುತ್ತಾರೆ. ಅಲ್ಲಿ ಎಷ್ಟನೆಯ ಮಾಳಿಗೆ ಎಂದು ಕೇಳುತ್ತಾರೆ. ನಿಂತುಕೊಂಡು ತಿನ್ನುತ್ತಾರೆ, ನಡೆಯುತ್ತ ಓದುತ್ತಾರೆ, ಟ್ರಾಮಿನಲ್ಲಿ ಜೋತುಬಿದ್ದು ನಿದ್ದೆ ಮಾಡುತ್ತಾರೆ. ಗಡಿಯಾರಗಳೂ ಒಂದರ ಮಾತು ಒಂದು ಕೇಳುವುದಿಲ್ಲ. ರೈಲಿಗೆ ಒಂದು ಹೊತ್ತು, ಊರಿಗೆ ಇನ್ನೊಂದು ಹೊತ್ತು. ನಿಲ್ದಾಣದ ಗಡಿಯಾರ ನೋಡಿ ಹೊರಗೆ ಬಂದವನು ಪೇಟೆಯ ಗಡಿಯಾರ ನೋಡಿ, ಇಷ್ಟು ದೂರ ನಡೆದು ಬಂದರೂ ಹೊರಟ ಹೊತ್ತಿಗಿಂತ ಹಿಂದಕ್ಕೆ ಹೋದೆನಲ್ಲ ಎಂದು ಬೆಪ್ಪಾದೆ. ಸಿದ್ರಾಮಪ್ಪನವರಿಗೆ ಇದೆಲ್ಲ ರೂಢಿಯಾಗಿಬಿಟ್ಟಿತ್ತು.

ಸಿನೇಮಾದಲ್ಲಿ ಕಂಡ ಕಂಬ, ಮೆಟ್ಟಿಲುಗಳನ್ನು ವರ್ಣಿಸಿದೆ. ಅವರು ಪೂರ್ತಿ ಕೇಳಲೇ ಇಲ್ಲ.

"ಅದು ಕ್ವಾಟಿ ಕಡಿ ಹಳೇ ಕಟ್ಟಡ್ರಿ. ಕಂಪನಿ ಸರಕಾರದವರು ಕಟ್ಟಿಸಿದ್ದು. ಎಲ್ಲಾ ಸಿನೇಮಾದಾಗೂ ಅದೇ ಇರ್ತದ. ಒಂದ್ರಾಗ ಅರಮನಿ, ಒಂದ್ರಾಗ ಕಚೇರಿ, ಒಂದ್ರಾಗ ಜೈಲು. ಆ ಕಟ್ಟಡಕ್ಕ ಸಿಕ್ಕಷ್ಟು ಪಾರ್ಟು ಯಾವ ನಟನಿಗೂ ಸಿಕ್ಕಿಲ್ಲ."

ಅರಮನೆ

ಮರುದಿನ ಶೇರವಾನಿ ಝಾಡಿಸಿ ಹಾಕಿಕೊಂಡು ಒಬ್ಬನೇ ಹೋದೆ. ಟ್ರಾಮು ಇಳಿದು ತಿರುವಿನಲ್ಲಿ ತಲೆಯೆತ್ತಿದಾಗ ಎದುರಿಗೆ ಅರಮನೆ ನಿಂತಿತ್ತು. ನನ್ನ ಕಾಲು ತಾವಾಗಿಯೇ ನಿಂತವು. ಅದೇ ಕಂಬಗಳು, ಅದೇ ಮೆಟ್ಟಿಲು. ನಾನು ಎಂದೂ ಬರದ ಊರಿನಲ್ಲಿ, ಎಂದೂ ಕಾಣದ ಕಟ್ಟಡದ ಯಾವ ಮೆಟ್ಟಿಲಲ್ಲಿ ಯಾರು ಬಿದ್ದರೆಂದು ನನಗೆ ಗೊತ್ತಿತ್ತು.

ಪರದೆಯ ಮೇಲೆ ಆ ಕಂಬಗಳು ಹಾಲುಗಲ್ಲಿನ ಹಾಗೆ ಹೊಳೆದಿದ್ದವು. ಹತ್ತಿರ ಹೋದರೆ ಸುಣ್ಣ ಹಕ್ಕಳೆ ಎದ್ದಿತ್ತು, ಬುಡಕ್ಕೆ ಹಾವಸೆ ಹಿಡಿದಿತ್ತು. ಸುಲ್ತಾನ ನಿಂತು ಫರ್ಮಾನು ಓದಿದ ಜಾಗದಲ್ಲಿ ಒಬ್ಬ ಗುಮಾಸ್ತ ಬುತ್ತಿ ಬಿಚ್ಚಿ ಉಣ್ಣುತ್ತಿದ್ದ. ರಾಣಿ ಇಳಿದುಬಂದ ಕಡೆ ಇಬ್ಬರು ಮಲಗಿದ್ದರು. ಪಾರಿವಾಳಗಳಂತೂ ಯಾರ ಅರಮನೆಯಾದರೇನು ಎಂಬಂತೆ ಎಲ್ಲದರ ಮೇಲೂ ಹೇತಿದ್ದವು. ಮುಂಬಾಗಿಲ ಮೇಲೆ ಸಿನೇಮಾದವರು ಹಲಗೆ ಬಡಿದ ಮೊಳೆಗಳ ತೂತು ಉಳಿದಿದ್ದವು. ಒಳಗೆ ಇಣುಕಿದೆ: ದೊಡ್ಡ ಸಾಹೇಬರ ಕಲ್ಲಿನ ಮೂರ್ತಿಗಳು, ಅವುಗಳ ಆಚೆ ಪುಸ್ತಕದ ಕಪಾಟುಗಳು, ಕಪಾಟುಗಳ ನಡುವೆ ಕೆಮ್ಮುವ ಒಬ್ಬ ಮುದುಕ. ಸಿನೇಮಾದಲ್ಲಿ ಅಲ್ಲಿ ಜನಾನಾ ಇತ್ತು.

ಕಾವಲುಗಾರ ಉತ್ತರ ಹಿಂದೂಸ್ತಾನದವನು, ರಾಮದೀನ ಎಂದು ಹೆಸರು. ಗಿರಿಜಾ ಮೀಸೆ, ಕೈಯಲ್ಲಿ ಕೋಲು. ನಾನು ನನ್ನ ಕೋರ್ಟಿನ ಉರ್ದು ತೆಗೆದೆ. ಚಿತ್ತಾಪುರದಲ್ಲಿ ಆ ಉರ್ದು ಕೇಳಿ ಮುನಸೀಫರು ತಲೆದೂಗುತ್ತಾರೆ. ರಾಮದೀನ ಬಾಯಿ ತೆರೆದು ಕೇಳಿದ, ಕೇಳಿ ನಕ್ಕ. ನಾನು ಹೌದೆನ್ನಲು 'ಹೌ' ಎಂದಾಗಲೆಲ್ಲ ಅವನೂ 'ಹೌ' ಎಂದು ನಾಯಿಯ ಹಾಗೆ ಅಣಕಿಸಿದ. ಕೆಟ್ಟ ಮನುಷ್ಯನಲ್ಲ, ಸುಮ್ಮನೆ ಮೋಜು. ಸಿನೇಮಾದವರು ಬಂದಾಗ ಕಟ್ಟಡ ತೆರೆದುಕೊಡುವವನು ಅವನೇ ಆದದ್ದರಿಂದ ಸಿನೇಮಾದ ಅರ್ಧ ಯಜಮಾನಿಕೆ ತನ್ನದೇ ಎಂದು ತಿಳಿದಿದ್ದ. ಯಾವ ಸುಲ್ತಾನ ಎಲ್ಲಿ ಕಾಲು ಜಾರಿದ, ಯಾವ ರಾಣಿಗೆ ಬಿಸಿಲಿಗೆ ತಲೆ ತಿರುಗಿತು, ಎಲ್ಲ ತೋರಿಸಿದ.

ನಾನು ಎತ್ತರದ ಆಳಿನ ಗುರುತು ಹೇಳಿದೆ. ಮಂಡಿಯೂರಿ ಬೀಳುವುದನ್ನು ಮಾಡಿಯೂ ತೋರಿಸಿದೆ. ಬುತ್ತಿ ಉಣ್ಣುತ್ತಿದ್ದ ಗುಮಾಸ್ತ ತುತ್ತು ಬಾಯಿಗಿಡದೆ ನೋಡಿದ.

"ಅರೇ, ವೋ ಮುರ್ದಾ!" ಎಂದ ರಾಮದೀನ.

ಮುರ್ದಾ ಎಂದರೆ ಹೆಣ. ಅವನು ತಾನೇ ವಿವರಿಸಿದ: ಆ ಆಳಿಗೆ ಇಲ್ಲಿ ಅದೇ ಹೆಸರು. ಅವನು ಬಿದ್ದ ಹಾಗೆ ಯಾರೂ ಬೀಳುತ್ತಿರಲಿಲ್ಲವಾದ್ದರಿಂದ ಸಿನೇಮಾದವರು ಬಂದಾಗಲೆಲ್ಲ ಹೆಣದ ಪಾತ್ರಕ್ಕೆ ಅವನೇ. ಮಾತಿನ ಪಾತ್ರ ಒಮ್ಮೆ ಕೊಟ್ಟರಂತೆ. ಅವನ ಹಿಂದಿ ಕೇಳಿ ಎಲ್ಲರೂ ನಕ್ಕದ್ದೇ ನಕ್ಕದ್ದು. ಆಮೇಲೆ ಬೀಳುವುದೊಂದೇ ಉಳಿಯಿತು.

ಬದುಕಿದ್ದಾನೆಯೇ, ಎಲ್ಲಿದ್ದಾನೆ ಎಂದು ಕೇಳಿದೆ.

"ವೋ ತೋ ಪರಸೋಂ ಯಹೀಂ ಥಾ," ಎಂದ.

ಈಗ ಎಲ್ಲಿ ಹೋದ ಎಂದೆ. "ರಾಮ ಜಾನೇ," ಎಂದು ಕೈಯನ್ನು ಊರಿನ ಕಡೆಗೆಲ್ಲ ಬೀಸಿದ. ಅಷ್ಟರಲ್ಲಿ ಯಾವುದೋ ಸಾಹೇಬನ ಮೋಟಾರು ಬಂತು, ರಾಮದೀನ ಕೋಲು ನೆಟ್ಟಗೆ ಹಿಡಿದು ಸಲಾಮು ಹೊಡೆಯಲು ಓಡಿದ.

ಎಂದೋ ಒಂದು ಕಾಲಕ್ಕೆ ಇಲ್ಲಿದ್ದ, ಈಗ ಎಲ್ಲಿದ್ದಾನೋ ದೇವರೇ ಬಲ್ಲ. ನನಗೆ ತಿಳಿದದ್ದು ಅಷ್ಟು. ಆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಪಾರಿವಾಳಗಳು ಬಂದು ನನ್ನ ಕಾಲ ಸುತ್ತ ಹುಡುಕಾಡಿ, ಏನೂ ಇಲ್ಲವೆಂದು ಹೋದವು. ಅಕ್ಕನಿಗೆ ಏನು ಹೇಳಲಿ ಎಂದು ಯೋಚಿಸಿದೆ. ಎದ್ದು ಬಂದೆ.

ಸಮುದ್ರ

ಅದಾದ ಮೇಲೆ ಸಿನೇಮಾ ಕಂಪನಿಗಳ ಬಾಗಿಲು ಬಾಗಿಲು ಅಲೆದೆ. ಎಲ್ಲ ಕಡೆಯೂ ಬಾಗಿಲು ಕಾಯುವವರಿದ್ದರು, ಒಳಗೆ ಬಿಡುವವರಿರಲಿಲ್ಲ. ಹೆಸರು ಹೇಳಿದರೆ, ಹೆಣದ ಪಾತ್ರ ಮಾಡುವವರ ಹೆಸರು ಯಾರು ಕೇಳುತ್ತಾರೆ ಎಂದರು. ಒಬ್ಬ ನನ್ನ ಶೇರವಾನಿ ನೋಡಿ, ನವಾಬನ ಪಾತ್ರ ಖಾಲಿಯಿಲ್ಲ ಎಂದ. ಇಷ್ಟು ಮಂದಿಯ ಊರಿನಲ್ಲಿ ಒಬ್ಬ ಮನುಷ್ಯ ಹೇಗೆ ಕಾಣದೆ ಹೋಗಬಹುದೆಂದು ನನಗೆ ಮೊದಲ ಸಲ ಅರ್ಥವಾಯಿತು. ನಮ್ಮ ದಂಡೋತಿಯಲ್ಲಿ ಒಂದು ಎಮ್ಮೆ ತಪ್ಪಿಸಿಕೊಂಡರೂ ಸಂಜೆಯೊಳಗೆ ಯಾರಾದರೂ ಹೊಡೆದುಕೊಂಡು ಬರುತ್ತಾರೆ.

ಸೋತು ಕುಳಿತವನನ್ನು ಸಿದ್ರಾಮಪ್ಪನವರು ಎಬ್ಬಿಸಿದರು. "ಇಷ್ಟು ದೂರ ಬಂದೀರಿ, ನಾಕು ಜಾಗಾ ನೋಡ್ಕೊಂಡರ ಹೋಗ್ರಿ. ಊರಾಗ ಮಂದಿ ಕೇಳ್ತಾರ," ಎಂದರು. ಪ್ರಾಣಿಗಳ ತೋಟಕ್ಕೆ ಕರೆದೊಯ್ದರು. ಪಂಜರದೊಳಗೆ ಸಿಂಹ ನಮ್ಮ ಕೋರ್ಟಿನ ಪೇಶಕಾರರ ಹಾಗೆ ಅರ್ಧ ಕಣ್ಣು ಮುಚ್ಚಿಕೊಂಡು ಕುಳಿತಿತ್ತು. ಪೇಟೆ ತೋರಿಸಿದರು, ಕಡೆಗೆ ಸಮುದ್ರಕ್ಕೆ ಕರೆತಂದರು.

ಸಮುದ್ರದ ಮುಂದೆ ನಾನು ಸಂಜೆಗಳನ್ನೆಲ್ಲ ಕಳೆದೆ. ಮೊದಲು ಸುಮ್ಮನೆ ನೋಡಿದೆ. ಆಮೇಲೆ ಸಿಟ್ಟು ಬಂತು. ನಮ್ಮ ಕಾಗಿಣಾ ನದಿ ಬೇಸಿಗೆಯಲ್ಲಿ ಬತ್ತುತ್ತದೆ, ಮಳೆಗಾಲದಲ್ಲಿ ಉಕ್ಕುತ್ತದೆ. ಹೋದದ್ದು ಹೋಯಿತು, ಬಂದದ್ದು ಬಂತು. ಇದು ಒಮ್ಮೆ ಕಾಲ ತನಕ ಬಂದು, ಕೊಡುವಂತೆ ಮಾಡಿ, ಮತ್ತೆ ಕಸಿದುಕೊಂಡು ಹೋಗುತ್ತದೆ. ದಿನವಿಡೀ ಅದೇ ಕೆಲಸ. ಮುಂಬಯಿಯ ಮಂದಿ ಅದರ ಮುಂದೆ ಕಡಲೆ ತಿನ್ನುತ್ತ ನಗುತ್ತಾರೆ. ನಾನೂ ತಿಂದೆ. ಮನಸ್ಸು ಮಂಕಾಗಿ ಬಿದ್ದಿತ್ತು. ಆದರೂ ಕಡಲೆಗೆ ಉಪ್ಪು ಖಾರ ಸರಿಯಾಗಿತ್ತು ಎಂಬುದು ನೆನಪಿದೆ. ಅದು ನೆನಪಿರುವುದಕ್ಕೆ ನನಗೆ ನಾಚಿಕೆಯಾಗುತ್ತದೆ.

ಹೊರಡುವ ದಿನ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು. ಗಂಟು ಕಟ್ಟಿಯಾಗಿತ್ತು. ಸಿದ್ರಾಮಪ್ಪನವರು ಸುಮ್ಮನೆ ಮಾತಿಗೆಂದು, "ಆ ಕಾವಲಿಯಾಂವ ಖರೇ ಏನಂದ?" ಎಂದು ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವರ ಕೈ ತಾಟಿನಲ್ಲೇ ನಿಂತಿತು.

"ಪರಸೋಂ ಅಂದ್ನ್ಯಾ?"

"ಹೂಂ, ಪರಸೋಂ ಇಲ್ಲೇ ಇದ್ದ ಅಂದ."

"ವಕೀಲ್ ಸಾಬ್ರ, ಅವರ ಪರಸೋಂ ನಮ್ಮ ಪರಸೋಂ ಅಲ್ರಿ! ಅಂವ ಆ ಕಡಿಯಾಂವ. ಅವರಿಗಿ ಪರಸೋಂ ಅಂದ್ರ ಮೊನ್ನಿ. ನಿನ್ನಿ ಬಿಟ್ಟು ಮೊನ್ನಿ!"

ಓದುಗರಲ್ಲಿ ಹೈದರಾಬಾದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ನಮ್ಮ ಕಡೆಯ ದಖ್ಖನಿ ಮಾತಿನಲ್ಲಿ ಪರಸೋಂ ಎಂದರೆ ಕಳೆದುಹೋದ ಯಾವ ಕಾಲವೂ ಆದೀತು. ಹಿಂದಿನ ವಾರ ಪರಸೋಂ, ಹಿಂದಿನ ಬರಗಾಲ ಪರಸೋಂ. ಅಪ್ಪನ ಕಾಲದಿಂದ ಕೊಳೆಯುತ್ತಿರುವ ದಾವೆಯನ್ನೂ ನಮ್ಮ ಮುನಸೀಫರು ಪರಸೋಂ ಬಂದ ಮುಕದ್ದಮೆ ಎನ್ನುತ್ತಾರೆ. ನಮಗೆ ಅದರಿಂದ ಎಂದೂ ತೊಂದರೆಯಾಗಿಲ್ಲ. ನಮ್ಮಲ್ಲಿ ಕಾಲಕ್ಕೆ ಅಷ್ಟು ಅವಸರವೂ ಇಲ್ಲ. ಶಾಲೆಯ ಪುಸ್ತಕದಲ್ಲಿ ಓದಿದ ಅರ್ಥ ನನಗೂ ಗೊತ್ತಿತ್ತು. ಆದರೆ ಕಿವಿ ಪುಸ್ತಕ ಓದುವುದಿಲ್ಲ. ತಾನು ಬೆಳೆದ ಊರಿನ ಅರ್ಥವನ್ನೇ ಹಿಡಿಯುತ್ತದೆ.

ತಾಟು ಬಿಟ್ಟು ಎದ್ದೆ. ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ.

ಮತ್ತೆ ಮೆಟ್ಟಿಲು

ಟಾಂಗಾ ಮಾಡಿಕೊಂಡು ಇಬ್ಬರೂ ಹೋದೆವು. ರಾಮದೀನ ನನ್ನನ್ನು ದೂರದಿಂದಲೇ ಗುರುತಿಸಿ ಕೋಲು ಎತ್ತಿಕೊಂಡು ಬಂದ. ಹೊಡೆಯಲಿಕ್ಕೇ ಬಂದನೆಂದು ತಿಳಿದೆ. ಹೊಡೆದಿದ್ದರೂ ತಪ್ಪಿರಲಿಲ್ಲ.

ಅವನು ಕೂಗಿ ಹೇಳಿದ್ದನ್ನು ಸಮಾಧಾನ ಮಾಡಿ ಮಾಡಿ ಕೇಳಿಸಿಕೊಂಡೆವು. ಭಾವ ಬಹಳ ದಿನಗಳಿಂದ ಆ ಕಟ್ಟಡದ ಪಕ್ಕದ ಪಡಸಾಲೆಯಲ್ಲೇ ಮಲಗುತ್ತಿದ್ದರು. ಸಿನೇಮಾದವರು ಬಂದರೆ ಮೊದಲು ತಾನು ಸಿಗಬೇಕೆಂದು ಅಲ್ಲಿಯೇ ಇರುತ್ತಿದ್ದರು. ಆಗಾಗ ಕೂಲಿ ಹುಡುಕಿಕೊಂಡು ಒಂದೆರಡು ದಿನ ಬಂದರದ ಕಡೆ ಹೋಗಿ ಬರುವುದೂ ಇತ್ತು. ನಾನು ಬಂದಾಗ ಹಾಗೆಯೇ ಹೋಗಿದ್ದರು. ಅದೇ ಸಂಜೆ ಜ್ವರ ಹತ್ತಿಸಿಕೊಂಡು ತಿರುಗಿ ಬಂದರು. ಶೇರವಾನಿ ಹಾಕಿದವನೊಬ್ಬ ನಿನ್ನ ಮುಲ್ಕಿನಿಂದ ಬಂದಿದ್ದ, ಮಾತಿಗೊಮ್ಮೆ 'ಹೌ' ಅನ್ನುತ್ತಿದ್ದ ಎಂದು ರಾಮದೀನ ಹೇಳಿದ. ಭಾವ ಕೂಡಲೇ ಎದ್ದು ನಳದ ಹತ್ತಿರ ಹೋಗಿ ಮುಖ ತೊಳೆದುಕೊಂಡರಂತೆ. ರಾಮದೀನನ ಹಣಿಗೆ ಕೇಳಿ ತಲೆ ಬಾಚಿಕೊಂಡರಂತೆ. ಬಂದು ಮೆಟ್ಟಿಲ ಮೇಲೆ ಕುಳಿತರು.

ಅಂದಿನಿಂದ ಅಲ್ಲೇ ಕುಳಿತಿದ್ದರು. ಬೆಳಗಾದರೆ ಕುಳಿತರು, ದೀಪ ಹಚ್ಚುವ ತನಕ ಕುಳಿತರು. ಮೈ ಕೆಂಡವಾಗಿತ್ತು. ಆಸ್ಪತ್ರೆಗೆ ಹೋಗು ಎಂದರೆ, ನಮ್ಮವನು ಮತ್ತೆ ಬರುತ್ತಾನೆ, ಬಂದಾಗ ನಾನು ಇರಬೇಕು ಎಂದರಂತೆ. ಆ ನಡುವೆ ಒಂದು ಸಿನೇಮಾ ಕಂಪನಿಯೂ ಬಂದಿತ್ತು. ಯುದ್ಧದ ದೃಶ್ಯ, ಹೆಣಗಳು ಬೇಕಾಗಿದ್ದವು. ಮುರ್ದಾ ಎಲ್ಲಿ ಎಂದು ಹೆಸರು ಹಿಡಿದೇ ಕರೆದರು. ಭಾವ ಏಳಲಿಲ್ಲ.

"ನಾನು ಮಲಗಿದ್ದಾಗಲೇ ನಮ್ಮವನು ಬಂದರೆ? ಇವತ್ತು ನಾನು ಬೀಳುವುದಿಲ್ಲ ಅಂದ," ಎಂದು ರಾಮದೀನ ತನ್ನ ಹಿಂದಿಯಲ್ಲಿ ಹೇಳಿ, ಮೀಸೆಯ ಮೇಲೆ ಕೈ ಅಡ್ಡ ಹಿಡಿದು ಅತ್ತ.

ಈಗ ಎಲ್ಲಿದ್ದಾರೆ ಎಂದೆ.

"ಕಲ್ ಲೇ ಗಯೇ." ನಿನ್ನೆ ಒಯ್ದರು. ಕುಳಿತಲ್ಲೇ ಎಚ್ಚರ ತಪ್ಪಿದ್ದರಿಂದ ಗಾಡಿ ತರಿಸಿ ಆಸ್ಪತ್ರೆಗೆ ಕಳಿಸಿದ್ದ.

"ಕಲ್ ಅಂದರೆ ನಿನ್ನೆಯೇ ತಾನೆ? ಖಾತ್ರಿಯಾಗಿ ನಿನ್ನೆಯೇ?" ಎಂದು ನಾನು ಅವನ ಕೈ ಹಿಡಿದು ಕೇಳಿದೆ. ಹುಚ್ಚನನ್ನು ನೋಡುವಂತೆ ನೋಡಿದ.

ಆಸ್ಪತ್ರೆಯಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೆಳಗಿನ ಜಾವ ತೀರಿಕೊಂಡಿದ್ದರು. ಹೆಸರು ಕೇಳಿದವರಿಗೆ ಹೇಳುವಷ್ಟು ಎಚ್ಚರ ಬಂದಿರಲಿಲ್ಲ. ವಾರಸುದಾರರಿಲ್ಲದವರನ್ನು ಬೇಗನೆ ಸಾಗಿಸಿಬಿಡುತ್ತಾರೆ ಎಂದು ಅಲ್ಲಿಯವನು ತಗ್ಗಿದ ದನಿಯಲ್ಲೇ ಹೇಳಿದ. ನಾವು ಹೋಗುವಷ್ಟರಲ್ಲಿ ಉಳಿದವರ ಜೊತೆ ಸುಟ್ಟಾಗಿತ್ತು. ನಮ್ಮಲ್ಲಿ ಸತ್ತವರನ್ನು ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಮಣ್ಣು ಕೊಡುತ್ತಾರೆ. ಅಷ್ಟು ದಿನ ಕುಳಿತೇ ಇದ್ದ ಮನುಷ್ಯನನ್ನು ಮಲಗಿಸಿ ಬೆಂಕಿಗೆ ಕೊಟ್ಟಿದ್ದರು. ಸಿದ್ರಾಮಪ್ಪನವರು ಆಸ್ಪತ್ರೆಯ ಹೊರಗೆ ಕಲ್ಲುಹಾಸಿನ ಮೇಲೆ ಕುಳಿತುಬಿಟ್ಟರು. ನಾನು ನಿಂತೇ ಇದ್ದೆ. ಅಳು ಬರಲಿಲ್ಲ. ನನ್ನ ಮೇಲೆ, ಆ ಒಂದು ಮಾತಿನ ಮೇಲೆ, ನನ್ನ ಉರ್ದುವಿನ ಮೇಲೆ ಅಸಹ್ಯ ಬಂತು.

ದಂಡೋತಿ

ತಿರುಗಿ ಬಂದ ದಾರಿಯನ್ನು ಬರೆಯುವುದಿಲ್ಲ. ಘಾಟು, ಸೊಲ್ಲಾಪುರ, ವಾಡಿ ಎಲ್ಲ ಇದ್ದಲ್ಲೇ ಇದ್ದವು. ಕರೋಡಗಿರಿಯವರು ಪರಮುಲ್ಕಿನಿಂದ ಏನು ತಂದಿರಿ ಎಂದರು. ಏನೂ ಇಲ್ಲ ಎಂದೆ. ಗಂಟು ಬಿಚ್ಚಿ ನೋಡಿ ಅದು ನಿಜವೆಂದು ಬಿಟ್ಟರು.

ಅಕ್ಕ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನು ಒಬ್ಬನೇ ಬಂದದ್ದನ್ನು ಕಂಡು ಮೊರ ಕೆಳಗಿಟ್ಟಳು. ಸುಳ್ಳು ಹೇಳಬೇಕೆಂದು ದಾರಿಯಲ್ಲಿ ಎಷ್ಟೋ ಸುಳ್ಳು ಜೋಡಿಸಿಕೊಂಡಿದ್ದೆ. ಕೋರ್ಟಿನಲ್ಲಿ ಬೇರೆಯವರಿಗಾಗಿ ಹೇಳುವವನಿಗೆ ಅದು ಕಷ್ಟವಲ್ಲ. ಅವಳ ಮುಂದೆ ಒಂದೂ ಬಾಯಿಗೆ ಬರಲಿಲ್ಲ. ಇದ್ದದ್ದೆಲ್ಲ ಹೇಳಿದೆ. ಪರಸೋಂ ಎಂಬ ಮಾತನ್ನೂ ಹೇಳಿದೆ, ಅದರ ಎರಡು ಅರ್ಥವನ್ನೂ ಹೇಳಿದೆ. ಉರ್ದು ಬಾರದ ಅವಳಿಗೆ ಅದು ಎಷ್ಟು ತಿಳಿಯಿತೋ ಗೊತ್ತಿಲ್ಲ.

ಅವಳು ಕೇಳಿದಳು:

"ಮಾರಿ ತೊಳ್ಕೊಂಡ್ರಂತ?"

"ಹೂಂ."

"ಹಣಿಗಿ ಇಸ್ಕೊಂಡು ತಲಿ ಬಾಚ್ಕೊಂಡ್ರಂತ?"

"ಹೂಂ, ಅಕ್ಕಾ."

"ಹಂಗಾರ ನಾ ಕಳ್ಸೀನಂತ ಅವರಿಗಿ ತಿಳದದ." ಅವಳ ಮುಖದಲ್ಲಿ ಒಂದು ಬಗೆಯ ಹಿಗ್ಗು ಬಂತು. ಅದನ್ನು ನೋಡಲಾರದೆ ತಲೆ ತಗ್ಗಿಸಿದೆ. "ನನ್ನ ಮರ್ತಿದ್ದಿಲ್ಲ ಅವ್ರು. ಮರ್ತಿದ್ರ ತಲಿ ಯಾಕ ಬಾಚ್ಕೋತಿದ್ರು?"

ಅವಳು ಮೊರದಲ್ಲಿದ್ದ ತೊಗರಿಯನ್ನು ಬೆರಳಿನಿಂದ ಅತ್ತಿತ್ತ ಸರಿಸಿದಳು.

"ಅವ್ರು ಅಲ್ಲಿ ಕುಂತಿದ್ದಾಗ ನೀ ಎಲ್ಲಿದ್ದಿ, ತಮ್ಮಾ?"

ಅದರಲ್ಲಿ ಆಪಾದನೆ ಇರಲಿಲ್ಲ. ಚಿಕ್ಕವನಿದ್ದಾಗ ಹೊತ್ತು ಮುಳುಗಿದ ಮೇಲೆ ಮನೆಗೆ ಬಂದರೆ ಕೇಳುತ್ತಿದ್ದ ದನಿಯೇ ಅದು.

"ಸಮುದ್ರ ನೋಡ್ಲಿಕತ್ತಿದ್ದೆ," ಎಂದೆ.

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಉಳಿದುಕೊಳ್ಳುತ್ತಿದ್ದೆ. ಅವಳು ಒಳಗೆ ಹೋಗಿ ಎಣ್ಣೆಯ ಬಟ್ಟಲು ತಂದು ನನ್ನ ಮುಂದಿಟ್ಟಳು. ಎದುರಿಗೆ ಕುಳಿತು ಎರಡೂ ಕೈಗಳನ್ನು ನನ್ನ ಮಡಿಲಿಗೆ ಚಾಚಿದಳು.

"ಓಣಿ ಹೆಂಗಸ್ರನ್ನ ಕರೀಬ್ಯಾಡ. ಅವ್ರು ಒಡೀತಾರ. ನೀನೇ ತೆಗಿ."

ಹಸಿರು ಬಳೆಗಳು, ಮೊಳಕೈಯ ಕೆಳಗೆ ಬಿಗಿದು ಕುಳಿತಿದ್ದವು. ಅವಳೇ ಬೆರಳು ಮುದುಡಿ, ಅಂಗೈ ಸಣ್ಣದು ಮಾಡಿ, "ಸಾವಕಾಶ" ಎಂದಳು. ಎಣ್ಣೆ ಹಚ್ಚಿ ಮೊದಲನೆಯದನ್ನು ಎಳೆದೆ.